ಬೀಗ ಹಾಕದ ಬಾಗಿಲು: ಸಂಗೀತ ತಂತ್ರಾಂಶದ ಕಳ್ಳಪ್ರತಿ ಮತ್ತು ಮಾಡಿದವರ ಷರತ್ತು

ರೀಪರ್ ಎಂಬ ಧ್ವನಿಮುದ್ರಣ ತಂತ್ರಾಂಶವನ್ನು ಇಳಿಸಿಕೊಂಡರೆ 60 ದಿನ ಅದರ ಎಲ್ಲ ಸೌಲಭ್ಯವೂ ಕೆಲಸ ಮಾಡುತ್ತದೆ. ಹೆಸರು ನೋಂದಾಯಿಸಬೇಕಿಲ್ಲ, ಕಾರ್ಡ್ ನಂಬರ್ ಕೊಡಬೇಕಿಲ್ಲ. 61ನೇ ದಿನವೂ ಅದು ಕೆಲಸ ಮಾಡುತ್ತದೆ. ತೆರೆದಾಗಲೆಲ್ಲ ಒಂದು ಚಿಕ್ಕ ಕಿಟಕಿ ಬಂದು, ಪರೀಕ್ಷೆಯ ಅವಧಿ ಮುಗಿಯಿತು, ಇನ್ನು ಲೈಸೆನ್ಸ್ ಕೊಳ್ಳಿ ಎಂದು ನೆನಪಿಸಿ ಕೆಲವು ಸೆಕೆಂಡು ಕಾಯಿಸುತ್ತದೆ, ಅಷ್ಟೇ. ಇದನ್ನು ಕಟ್ಟಿದ ಜಸ್ಟಿನ್ ಫ್ರಾಂಕೆಲ್ 1997ರಲ್ಲಿ ಕಂಪ್ಯೂಟರಿನಲ್ಲಿ ಹಾಡು ಕೇಳಿಸುವ ವಿನಾಂಪ್ ತಂತ್ರಾಂಶ ಬರೆದವರು. 2000ರಲ್ಲಿ ಬಂದ ನುಟೆಲ್ಲಾ ಫೈಲ್ ಹಂಚಿಕೆ ಜಾಲದ ಹಿಂದೆಯೂ ಅವರೇ ಇದ್ದರು. ಡಿಜಿಟಲ್ ವಸ್ತುವನ್ನು ನಕಲು ಮಾಡುವುದು ಎಷ್ಟು ಸಲೀಸು ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಆದರೂ ಅವರು ಬೀಗ ಹಾಕಲಿಲ್ಲ. 60 ದಿನ ನೋಡಿ, ಬೇಕೆನಿಸಿದರೆ ಹಣ ಕೊಡಿ, ಬೇಡವಾದರೆ ತೆಗೆದುಹಾಕಿ ಎಂದು ಬಾಯಿಬಿಟ್ಟು ಹೇಳಿ ಬಾಗಿಲು ತೆರೆದಿಟ್ಟಿದ್ದಾರೆ.

ಆ ಕಿಟಕಿಯನ್ನು ವರ್ಷಗಟ್ಟಲೆ ಮುಚ್ಚುತ್ತ, ಅದೇ ರೀಪರ್‌ನಲ್ಲಿ ಹಾಡು ಮಿಕ್ಸ್ ಮಾಡಿ ಹಣ ಪಡೆಯುವವರು ಇದ್ದಾರೆ. ಅವರು ಯಾವ ಕ್ರ್ಯಾಕ್ (ಲೈಸೆನ್ಸಿನ ಬೀಗ ಒಡೆದ ಕಳ್ಳಪ್ರತಿ) ಕೂಡ ಹಾಕಿಲ್ಲ, ಯಾವ ರಕ್ಷಣೆಯನ್ನೂ ಮುರಿದಿಲ್ಲ. ಹಾಗಿದ್ದರೂ ಇದು ಕಳ್ಳಬಳಕೆಯೇ. ಈ ಒಂದು ಉದಾಹರಣೆ ಸ್ಪಷ್ಟವಾದರೆ ಸಂಗೀತ ತಂತ್ರಾಂಶದ ಪೈರಸಿಯ ಪ್ರಶ್ನೆ ಬಹುಪಾಲು ಸ್ಪಷ್ಟವಾಗುತ್ತದೆ. ಬೀಗ ಗಟ್ಟಿಯೋ ಸಡಿಲವೋ ಎಂಬುದು ಎರಡನೆಯ ಮಾತು. ವಸ್ತು ಮಾಡಿದವರು ಯಾವ ಷರತ್ತಿನ ಮೇಲೆ ಅದನ್ನು ಕೊಟ್ಟಿದ್ದಾರೆ, ನಾವು ಆ ಷರತ್ತನ್ನು ಒಪ್ಪಿ ತೆಗೆದುಕೊಂಡೆವೋ ದಾಟಿ ತೆಗೆದುಕೊಂಡೆವೋ ಎಂಬುದು ಮೊದಲನೆಯದು.

ಷರತ್ತುಗಳು ಒಂದೇ ಥರ ಇಲ್ಲ. ವಲ್ಹಾಲಾ ಡಿಎಸ್‌ಪಿ ಎಂಬ ಕಂಪನಿ ತಾನು ಮಾರುವ ಪ್ರತಿ ರಿವರ್ಬ್ (ಗುಂಗು ಕೊಡುವ) ಮತ್ತು ಡಿಲೇ (ಪ್ರತಿಧ್ವನಿ ಕೊಡುವ) ಪ್ಲಗಿನ್‌ಗೆ, ಅಂದರೆ ಧ್ವನಿಮುದ್ರಣ ತಂತ್ರಾಂಶದೊಳಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಕ್ಕೆ, 50 ಡಾಲರ್ ಬೆಲೆ ಇಟ್ಟಿದೆ, ಯಾವ ಹಬ್ಬಕ್ಕೂ ರಿಯಾಯಿತಿ ಕೊಡುವುದಿಲ್ಲ. ಜೊತೆಗೆ ಸೂಪರ್‌ಮ್ಯಾಸಿವ್ ಎಂಬ ಒಳ್ಳೆಯ ಪ್ಲಗಿನ್ ಅನ್ನು ಪೂರ್ತಿ ಉಚಿತವಾಗಿ ಕೊಡುತ್ತದೆ. ಎಫ್‌ಎಲ್ ಸ್ಟುಡಿಯೋ ಎಂಬ ಸಂಗೀತ ತಂತ್ರಾಂಶದ ಪ್ರಯೋಗ ಆವೃತ್ತಿಯಲ್ಲಿ ಹಾಡು ಕಟ್ಟಬಹುದು, ಆಡಿಯೋ ಆಗಿ ಹೊರತೆಗೆಯಬಹುದು, ಪ್ರಾಜೆಕ್ಟ್ ಉಳಿಸಬಹುದು, ಆದರೆ ಉಳಿಸಿದ್ದನ್ನು ಮತ್ತೆ ತೆರೆಯಬೇಕಾದರೆ ಕೊಳ್ಳಬೇಕು. ಒಮ್ಮೆ ಕೊಂಡರೆ ಮುಂದಿನ ಎಲ್ಲ ಆವೃತ್ತಿ ಉಚಿತ. ಏರ್‌ವಿಂಡೋಸ್ ತನ್ನ ನೂರಾರು ಪ್ಲಗಿನ್‌ಗಳನ್ನು ಸೋರ್ಸ್ ಕೋಡ್ (ತಂತ್ರಾಂಶದ ಮೂಲ ಬರವಣಿಗೆ) ಸಮೇತ ಕೊಟ್ಟು, ಇಷ್ಟವಿದ್ದವರು ತಿಂಗಳಿಗೆ ಇಷ್ಟೆಂದು ನೆರವು ಕೊಡಲಿ ಎನ್ನುತ್ತದೆ. ಸರ್ಜ್ ಎಂಬ ಸಿಂಥ್ (ಕಂಪ್ಯೂಟರಿನಲ್ಲೇ ಸದ್ದು ಹುಟ್ಟಿಸುವ ವಾದ್ಯ) ಮೊದಲು ಮಾರಾಟದ ವಸ್ತುವಾಗಿತ್ತು. 2018ರಲ್ಲಿ ಅದನ್ನು ಮಾಡಿದವರೇ ಮುಕ್ತ ತಂತ್ರಾಂಶವಾಗಿ ಬಿಟ್ಟುಕೊಟ್ಟರು. ಕನ್ನಡಿಗರಿಗೆ ಈ ಬಗೆಯ ಬದಲಾವಣೆ ಹೊಸದಲ್ಲ: 1998ರಲ್ಲಿ ಬಂದ ಕನ್ನಡ ಟೈಪಿಂಗ್ ತಂತ್ರಾಂಶ 'ಬರಹ'ವನ್ನು ಅದರ ಕರ್ತೃ ಹಲವು ವರ್ಷ ಉಚಿತವಾಗಿ ಕೊಟ್ಟು, ಆಮೇಲಿನ ಆವೃತ್ತಿಗಳಿಗೆ ಬೆಲೆ ಇಟ್ಟರು. ಎರಡೂ ಅವರ ತೀರ್ಮಾನವೇ.

ಉಚಿತವಾಗಿ ಸಿಗುವ ಕಡೆಯಲ್ಲೂ ಷರತ್ತು ಇರುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ವೈಟಲ್ ಎಂಬ ವೇವ್‌ಟೇಬಲ್ ಸಿಂಥ್‌ನ ಸೋರ್ಸ್ ಕೋಡ್ ಜಿಪಿಎಲ್ 3 ಎಂಬ ಮುಕ್ತ ಲೈಸೆನ್ಸಿನ ಅಡಿಯಲ್ಲಿ ಯಾರು ಬೇಕಾದರೂ ಬಳಸಿ ಹಂಚಬಹುದಾದದ್ದು. ಆದರೆ ಕೋಡ್ ಜೊತೆಗಿನ ವಿವರಣೆಯ ಕಡತದಲ್ಲಿ ಅದನ್ನು ಬರೆದ ಮ್ಯಾಟ್ ಟೈಟೆಲ್ ಮೂರು ವಿಷಯ ಹೇಳಿದ್ದಾರೆ. ನೀವು ಬೇರೆಯಾಗಿ ಹಂಚುವುದಾದರೆ ವೈಟಲ್ ಎಂಬ ಹೆಸರು ಬಳಸಬೇಡಿ, ನನ್ನ ಸರ್ವರ್‌ಗೆ ಅದನ್ನು ಜೋಡಿಸಬೇಡಿ, ಜೊತೆಗೆ ಬರುವ ಪ್ರೀಸೆಟ್‌ಗಳನ್ನು (ಮೊದಲೇ ಸಿದ್ಧಪಡಿಸಿದ ಸದ್ದುಗಳನ್ನು) ಹಂಚಬೇಡಿ. ಲಿನಕ್ಸ್ ಬಳಗದವರು ಈ ಮಾತನ್ನು ಹಾಗೇ ಪಾಲಿಸಿದರು. ಹೆಸರನ್ನು ವೈಟಲಿಯಂ ಎಂದು ಬದಲಿಸಿ, ಪ್ರೀಸೆಟ್ ತೆಗೆದು, ಬೇರೆಯದೇ ಪ್ಯಾಕೇಜ್ ಮಾಡಿದರು. ಮಾಡಿದವರ ಇಚ್ಛೆಯನ್ನು ಗೌರವಿಸುವುದು ಕೆಲಸದ ಮಟ್ಟದಲ್ಲಿ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ತೋರಿಸಲು ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಆರ್ಡರ್ ಎಂಬ ಧ್ವನಿಮುದ್ರಣ ತಂತ್ರಾಂಶದ್ದು ಇನ್ನೂ ಸೂಕ್ಷ್ಮ. ಅದರ ಸೋರ್ಸ್ ಉಚಿತ, ಸಿದ್ಧಪಡಿಸಿದ ಪ್ರತಿಗೆ ಹಣ, ಉಚಿತ ಡೆಮೋ ಹತ್ತು ನಿಮಿಷಕ್ಕೆ ಮೌನವಾಗುತ್ತದೆ. ಹಣ ಕೊಟ್ಟು ಪಡೆದ ಪ್ರತಿಯನ್ನು ಸ್ನೇಹಿತನಿಗೆ ಕೊಟ್ಟರೆ ಜಿಪಿಎಲ್ ಪ್ರಕಾರ ತಪ್ಪೇನೂ ಇಲ್ಲ. ಆದರೂ ಆ ಹಣವೇ ಅದನ್ನು ನಡೆಸುವವರ ಜೀವನಾಧಾರ ಎಂದು ಗೊತ್ತಿದ್ದು ಎಲ್ಲರಿಗೂ ಹಂಚಲು ಕೂತರೆ, ಕಾನೂನು ಮುರಿಯದೆಯೂ ಅನ್ಯಾಯ ಮಾಡಿದಂತೆ.

ಇನ್ನು ಬೆಲೆಯ ಮಾತು. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮದುವೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ಹುಡುಗನಿಗೆ 189 ಡಾಲರ್‌ನ ಒಂದು ಸಿಂಥ್ ಎಂದರೆ, ಡಾಲರಿಗೆ 85ರಿಂದ 90 ರೂಪಾಯಿ ಹಿಡಿದರೂ, 16,000ಕ್ಕೆ ಮೇಲೆ. ಅದರ ಮೇಲೆ ವಿದೇಶಿ ಡಿಜಿಟಲ್ ಸೇವೆಗೆ 18% ಜಿಎಸ್‌ಟಿಯೂ ಸೇರಬಹುದು. ಅಮೆರಿಕದ ಸಂಬಳಕ್ಕೆ ನಿಗದಿಯಾದ ಬೆಲೆಯನ್ನು ರಾಯಚೂರಿನಲ್ಲೂ ಹಾಗೇ ಕೇಳುವುದು ಅನೇಕ ಕಂಪನಿಗಳ ದೌರ್ಬಲ್ಯವೇ. ಆದರೆ ಬೆಲೆ ನಮ್ಮ ಕೈಗೆ ಎಟುಕದಿದ್ದರೆ ನಮಗೆ ಬರುವ ಹಕ್ಕು ಬೇರೆಯದನ್ನು ಆರಿಸುವುದು. ಊಟ ದುಬಾರಿ ಎಂದು ಪಕ್ಕದ ದರ್ಶಿನಿಗೆ ಹೋಗುತ್ತೇವೆಯೇ ಹೊರತು ಹಣ ಕೊಡದೆ ಎದ್ದು ಬರುವುದಿಲ್ಲ. ಸಂಗೀತ ತಂತ್ರಾಂಶದ ಮಟ್ಟಿಗೆ ಈ ಪಕ್ಕದ ದರ್ಶಿನಿ ಇಂದು ತುಂಬ ಚೆನ್ನಾಗಿದೆ. ಇಪ್ಪತ್ತು ವರ್ಷದ ಹಿಂದೆ ಹೀಗಿರಲಿಲ್ಲ ಎಂಬುದನ್ನು ಒಪ್ಪಬೇಕು.

ಲೆಕ್ಕ ಹಾಕಿ ನೋಡಿ. ರೀಪರ್‌ನ ರಿಯಾಯಿತಿ ಲೈಸೆನ್ಸ್ 60 ಡಾಲರ್, ಅಂದರೆ ಸುಮಾರು 5,100ರಿಂದ 5,400 ರೂಪಾಯಿ. ರಿಯಾಯಿತಿ ಎಂದರೆ ವಿದ್ಯಾರ್ಥಿಗೆ ಮಾತ್ರವಲ್ಲ. ವರ್ಷದ ವಹಿವಾಟು 20,000 ಡಾಲರ್ ಮೀರದ ಸ್ಟುಡಿಯೋಗೂ ಅದೇ ಬೆಲೆ. ಅದು 17 ಲಕ್ಷ ರೂಪಾಯಿಗೂ ಮೇಲಾಯಿತು, ನಮ್ಮ ಹೆಚ್ಚಿನ ಹೋಮ್ ಸ್ಟುಡಿಯೋಗಳು ಇದರೊಳಗೇ ಬರುತ್ತವೆ. ಮೀರಿದರೆ 225 ಡಾಲರ್. ಏಳನೆಯ ಆವೃತ್ತಿಗೆ ಕೊಂಡರೆ ಎಂಟನೆಯದರ ಕೊನೆಯವರೆಗೂ ನಡೆಯುತ್ತದೆ. ಅದೂ ಆಗದಿದ್ದರೆ ಟ್ರಾಕ್ಷನ್‌ನ ವೇವ್‌ಫಾರ್ಮ್ ಫ್ರೀ ಇದೆ, ಮ್ಯಾಕ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಇದೆ. ಸಿಂಥ್‌ಗೆ ಸರ್ಜ್ ಎಕ್ಸ್‌ಟಿ, ವೈಟಲ್‌ನ ಉಚಿತ ಆವೃತ್ತಿ, ಹಳೆಯ ಎಫ್‌ಎಂ ಸಿಂಥ್ ಸದ್ದಿಗೆ ಡೆಕ್ಸೆಡ್. ಈಕ್ಯೂಗೆ (ಸದ್ದಿನ ಆವರ್ತನಗಳನ್ನು ಹದ ಮಾಡಲು) ಟೋಕಿಯೋ ಡಾನ್ ಲ್ಯಾಬ್ಸ್‌ನ ನೋವಾ, ಆವರ್ತನ ನೋಡಲು ವಾಕ್ಸೆಂಗೋ ಸ್ಪ್ಯಾನ್, ತಂತಿವಾದ್ಯ ಪಿಯಾನೋಗಳಿಗೆ ಸ್ಪಿಟ್‌ಫೈರ್ ಲ್ಯಾಬ್ಸ್. ಇಷ್ಟರಲ್ಲಿ ಒಂದು ಭಾವಗೀತೆಯ ಆಲ್ಬಂ ಪೂರ್ತಿ ಮುಗಿಸಬಹುದು. ಆಡಿಯೋ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಸಾಧನ) ಅಥವಾ ಮಿಡಿ ಕೀಬೋರ್ಡ್ ಕೊಂಡವರು ಪೆಟ್ಟಿಗೆಯೊಳಗಿನ ಕಾರ್ಡನ್ನು ಬಿಸಾಡುವ ಮೊದಲು ಓದಬೇಕು. ಎಬಲ್ಟನ್ ಲೈವ್ ಲೈಟ್‌ನಂಥ ಅಧಿಕೃತ ತಂತ್ರಾಂಶದ ಕೋಡ್ ಬಹಳ ಸಲ ಅದರಲ್ಲೇ ಇರುತ್ತದೆ. ಸೆಕೆಂಡ್ ಹ್ಯಾಂಡ್ ಕೊಂಡರೆ ಆ ಕೋಡ್ ಮೊದಲ ಮಾಲೀಕರು ಬಳಸಿ ಮುಗಿಸಿರುವ ಸಾಧ್ಯತೆ ಹೆಚ್ಚು, ವ್ಯಾಪಾರಕ್ಕೆ ಮುನ್ನ ಕೇಳಿಕೊಳ್ಳಿ.

ಕ್ರ್ಯಾಕ್‌ನತ್ತ ಜನ ಜಾರುವ ಒಂದು ಜಾಗ ವಿಶೇಷವಾಗಿ ಗಮನಿಸಬೇಕಾದದ್ದು. ಉಚಿತ ವಾದ್ಯ ಲೈಬ್ರರಿ (ವಾದ್ಯದ ಮುದ್ರಿತ ಸ್ವರಗಳ ಸಂಗ್ರಹ) ಎಂದು ಇಳಿಸಿಕೊಂಡಿರುತ್ತಾರೆ, ಅಂಥದ್ದನ್ನು ನುಡಿಸುವ ಉಚಿತ ತಂತ್ರಾಂಶ ಕಾಂಟ್ಯಾಕ್ಟ್ ಪ್ಲೇಯರ್‌ನಲ್ಲಿ ತೆರೆಯುತ್ತಾರೆ, 15 ನಿಮಿಷಕ್ಕೆ ಸದ್ದು ನಿಲ್ಲುತ್ತದೆ. ಲೈಬ್ರರಿ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕಾರಣ ಬೇರೆ. ಆ ಲೈಬ್ರರಿ ಹಣ ಕೊಟ್ಟು ಕೊಳ್ಳುವ ಪೂರ್ಣ ಕಾಂಟ್ಯಾಕ್ಟ್‌ಗಾಗಿ ಮಾಡಿದ್ದು, ಪ್ಲೇಯರ್‌ನಲ್ಲಿ ಅದು ಡೆಮೋ ಆಗಿ ಮಾತ್ರ ನಡೆಯುತ್ತದೆ. ಆಗ ಯಾರೋ ಪೂರ್ಣ ಕಾಂಟ್ಯಾಕ್ಟ್‌ನ ಕ್ರ್ಯಾಕ್ ಲಿಂಕ್ ಕಳಿಸುತ್ತಾರೆ. ಇಳಿಸುವ ಮೊದಲೇ 'ಪ್ಲೇಯರ್‌ನಲ್ಲಿ ನಡೆಯುತ್ತದೆಯೇ' ಎಂಬ ಸಾಲನ್ನು ಹುಡುಕಿದರೆ, ಇಲ್ಲವೇ ಉಚಿತ ಡಿಸೆಂಟ್ ಸ್ಯಾಂಪ್ಲರ್‌ಗಾಗಿ ಮಾಡಿದ ಲೈಬ್ರರಿಗಳನ್ನು ಆರಿಸಿಕೊಂಡರೆ ಈ ದಾರಿ ಹಿಡಿಯುವ ಪ್ರಸಂಗವೇ ಬರುವುದಿಲ್ಲ.

ಕೊಳ್ಳಲು ಮನಸ್ಸಿದ್ದರೂ ಹಣ ಹೋಗದಿರುವ ತೊಂದರೆ ನಮ್ಮ ದೇಶದಲ್ಲಿ ನಿಜವಾದದ್ದು. 2020ರಿಂದ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ಪಾವತಿ ಮೊದಲಿಗೆ ಮುಚ್ಚಿರುತ್ತದೆ. ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಆನ್‌ಲೈನ್ ವಹಿವಾಟನ್ನು ನಾವೇ ತೆರೆದು, ಮಿತಿ ನಿಗದಿ ಮಾಡಿ, ಕೊಂಡ ಮೇಲೆ ಮತ್ತೆ ಮುಚ್ಚಬೇಕು. 2021ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಿಂದಾಗಿ, ತಿಂಗಳ ಕಂತು ತಾನಾಗಿ ಕಡಿತವಾಗುವ ವಿದೇಶಿ ಚಂದಾಗಳು ಅನೇಕ ಕಾರ್ಡ್‌ಗಳಲ್ಲಿ ವಿಫಲವಾಗುತ್ತವೆ. ಆದ್ದರಿಂದ ಒಂದೇ ಸಲ ಹಣ ಕೊಟ್ಟು ಮುಗಿಸುವ ಲೈಸೆನ್ಸ್ ನಮಗೆ ಹೆಚ್ಚು ಅನುಕೂಲ. ಕಂತಿನಲ್ಲೇ ಕೊಳ್ಳಬೇಕಿದ್ದರೆ, ಕಂತು ತಪ್ಪಿದಾಗ ಈವರೆಗೆ ಕಟ್ಟಿದ ಹಣ ಉಳಿಯುತ್ತದೆಯೇ ಎಂದು ಮೊದಲೇ ನೋಡಿ. ಸೀರಂ ಎಂಬ ಸಿಂಥ್‌ಗೆ 2016ರಲ್ಲಿ ಸ್ಪ್ಲೈಸ್ ಎಂಬ ತಾಣ ಶುರುಮಾಡಿದ ವ್ಯವಸ್ಥೆ ಹಣ ಉಳಿಯುವಂಥದ್ದಾಗಿತ್ತು: ತಿಂಗಳಿಗೆ 9.99 ಡಾಲರ್, ಬೇಕಾದಾಗ ನಿಲ್ಲಿಸಿ ಮತ್ತೆ ಮುಂದುವರಿಸಬಹುದಿತ್ತು, 189 ಡಾಲರ್ ಪೂರ್ತಿಯಾದಾಗ ಅದು ಕಟ್ಟಿದವರದಾಗುತ್ತಿತ್ತು. ಅದೇ ವರ್ಷ ಅಮೆರಿಕದ ಖ್ಯಾತ ರ್‍ಯಾಪ್ ಗಾಯಕ ಕಾನ್ಯೆ ವೆಸ್ಟ್ ಹಾಕಿದ ಪರದೆಯ ಚಿತ್ರದಲ್ಲಿ ಇದೇ ಸೀರಂನ ಟೊರೆಂಟ್ ಹುಡುಕಾಟ ಕಂಡುಬಂದು ದೊಡ್ಡ ಸುದ್ದಿಯಾಗಿತ್ತು. ಅಂದರೆ ಪೈರಸಿಗೆ ಬಡತನವೊಂದೇ ಕಾರಣವಲ್ಲ. ಆ ಕಾಲಕ್ಕೆ ಹಣ ಕೊಟ್ಟು ಸೀರಂ ಕೊಂಡಿದ್ದವರಿಗೆ 2025ರ ಮಾರ್ಚ್‌ನಲ್ಲಿ ಸೀರಂ 2 ಉಚಿತವಾಗಿ ಸಿಕ್ಕಿತು.

"ನಾನು ನಕಲು ಮಾಡಿದರೆ ಅವರ ಬಳಿ ಇರುವುದೇನೂ ಕಡಿಮೆಯಾಗುವುದಿಲ್ಲವಲ್ಲ" ಎಂಬ ವಾದ ಕೇಳಲು ಸರಿಯೆನಿಸುತ್ತದೆ. ಅದು ಪ್ಲಗಿನ್ ಅನ್ನು ಒಮ್ಮೆ ಮಾಡಿ ಮುಗಿಸಿದ ವಸ್ತು ಎಂದುಕೊಳ್ಳುತ್ತದೆ. ವಾಸ್ತವದಲ್ಲಿ ಅದಕ್ಕೆ ವರ್ಷವಿಡೀ ದುರಸ್ತಿ ಬೇಕು. 2018ರಲ್ಲಿ ಸ್ಟೈನ್‌ಬರ್ಗ್ ಕಂಪನಿ ವಿಎಸ್‌ಟಿ 2 ಎಂಬ ತನ್ನ ಹಳೆಯ ಪ್ಲಗಿನ್ ಮಾದರಿಗೆ ಹೊಸಬರಿಗೆ ಲೈಸೆನ್ಸ್ ಕೊಡುವುದನ್ನು ನಿಲ್ಲಿಸಿತು. 2019ರಲ್ಲಿ ಮ್ಯಾಕ್‌ನ ಕ್ಯಾಟಲಿನಾ ಆವೃತ್ತಿ 32 ಬಿಟ್ ಎಂಬ ಹಳೆಯ ಬಗೆಯ ತಂತ್ರಾಂಶಗಳನ್ನು ಪೂರ್ತಿ ಕೈಬಿಟ್ಟಿತು. 2020ರಲ್ಲಿ ಆಪಲ್ ತನ್ನದೇ ಚಿಪ್‌ಗೆ ಹೊರಳಿತು. ಪ್ರತಿ ಸಲವೂ ಪ್ಲಗಿನ್ ಬರೆದವರು ಕೋಡ್ ತಿದ್ದಿ, ಹತ್ತಾರು ಹೋಸ್ಟ್‌ಗಳಲ್ಲಿ (ಪ್ಲಗಿನ್ ನಡೆಸುವ ಮುಖ್ಯ ತಂತ್ರಾಂಶಗಳಲ್ಲಿ) ಪರೀಕ್ಷಿಸಿ, ಮತ್ತೆ ಬಿಡುಗಡೆ ಮಾಡಬೇಕು. ಈ ಕ್ಷೇತ್ರದ ಅನೇಕ ಕಂಪನಿಗಳಲ್ಲಿ ಇರುವುದು ಒಬ್ಬರೋ ಇಬ್ಬರೋ. ಐದು ವರ್ಷದ ಹಿಂದಿನ ಹಾಡಿನ ಪ್ರಾಜೆಕ್ಟ್ ಇಂದಿನ ಕಂಪ್ಯೂಟರಿನಲ್ಲಿ ತೆರೆಯುವುದು ಆ ಒಬ್ಬಿಬ್ಬರು ಇನ್ನೂ ಕೆಲಸದಲ್ಲಿದ್ದರೆ ಮಾತ್ರ.

ವಾದ್ಯದ ಸ್ಯಾಂಪಲ್ ಲೈಬ್ರರಿಯಲ್ಲಿ ಇನ್ನೊಬ್ಬರೂ ಇದ್ದಾರೆ, ನುಡಿಸಿದವರು. ವೀಣೆಯ ಒಂದೊಂದು ಸ್ವರವನ್ನೂ ಹಲವು ಬಲದಲ್ಲಿ, ಹಲವು ಮೀಟಿನಲ್ಲಿ ದಿನಗಟ್ಟಲೆ ನುಡಿಸಿ ಕೊಟ್ಟ ಕಲಾವಿದರ ಒಪ್ಪಿಗೆ ಸಾಮಾನ್ಯವಾಗಿ ಇಷ್ಟಕ್ಕೆ ಇರುತ್ತದೆ: ಇದನ್ನು ನಿಮ್ಮ ಸಂಯೋಜನೆಯಲ್ಲಿ ಬಳಸಿ, ಬಿಡಿ ಸ್ವರಗಳನ್ನೇ ಮತ್ತೆ ಹಂಚಬೇಡಿ. ಹಣ ಕೊಟ್ಟೇ ಕೊಂಡವರು ಕೂಡ ಅದನ್ನು ಬೇರೆ ರೂಪಕ್ಕೆ ಬದಲಿಸಿ ಟೆಲಿಗ್ರಾಂ ಗುಂಪಿಗೆ ಹಾಕಿದರೆ ಆ ಒಪ್ಪಿಗೆ ಮುರಿಯುತ್ತದೆ.

ಕ್ರ್ಯಾಕ್ ಹಾಕಿಕೊಂಡವರಿಗೇ ಆಗುವ ಹಾನಿಯ ವಿಷಯದಲ್ಲಿ ದಾಖಲೆ ಸ್ಪಷ್ಟವಾಗಿದೆ. 2019ರ ಜೂನ್‌ನಲ್ಲಿ ಇಸೆಟ್ ಎಂಬ ಕಂಪ್ಯೂಟರ್ ಭದ್ರತಾ ಸಂಸ್ಥೆ ಲೌಡ್‌ಮೈನರ್ ಎಂಬ ಕುತಂತ್ರಾಂಶವನ್ನು ಪತ್ತೆಹಚ್ಚಿತು. ಅದನ್ನು ಹರಡುತ್ತಿದ್ದುದು ಸಂಗೀತ ತಂತ್ರಾಂಶಗಳ ಕಳ್ಳಪ್ರತಿಗಳಿಗೇ ಮೀಸಲಾದ ಒಂದು ತಾಣ, ಅಲ್ಲಿ 137 ತಂತ್ರಾಂಶಗಳಿದ್ದವು, 95 ಮ್ಯಾಕ್‌ಗೆ, 42 ವಿಂಡೋಸ್‌ಗೆ. ಪ್ಲಗಿನ್ ಜೊತೆಗೆ ಒಂದು ಪುಟ್ಟ ಲಿನಕ್ಸ್ ವ್ಯವಸ್ಥೆಯೇ ಕಂಪ್ಯೂಟರಿನೊಳಗೆ ಕೂತು, ಗುಟ್ಟಾಗಿ ಮೊನೆರೋ ಎಂಬ ಕ್ರಿಪ್ಟೋ ನಾಣ್ಯ ಗಳಿಸಿ ಹೊರಗೆ ಕಳಿಸುತ್ತಿತ್ತು. ಸಂಗೀತದವರನ್ನೇ ಏಕೆ ಆರಿಸಿದರು ಎಂಬುದಕ್ಕೆ ಸಂಶೋಧಕರು ಕೊಟ್ಟ ವಿವರಣೆ ಮನಸ್ಸಿಗೆ ತಾಗುತ್ತದೆ. ಇವರ ಕಂಪ್ಯೂಟರ್ ಬಲಶಾಲಿ, ಪ್ರೊಸೆಸರ್ ಸದಾ ಬಿಸಿಯಾಗಿದ್ದರೂ ಅನುಮಾನ ಬರುವುದಿಲ್ಲ, ಕಡತಗಳು ಗಿಗಾಬೈಟ್ ಲೆಕ್ಕದಲ್ಲಿ ಇರುವುದರಿಂದ ಒಳಗೆ ಏನು ಬಚ್ಚಿಟ್ಟರೂ ಗೊತ್ತಾಗುವುದಿಲ್ಲ. ಮುಂದಿನ ವರ್ಷವೇ, 2020ರ ಜೂನ್‌ನಲ್ಲಿ, ಚೆನ್ನೈನ ಕೆ7 ಸಂಸ್ಥೆಯ ಸಂಶೋಧಕರೊಬ್ಬರು ಮ್ಯಾಕ್‌ಗೆ ತಗಲುವ ಥೀಫ್‌ಕ್ವೆಸ್ಟ್ ಎಂಬ ಕುತಂತ್ರಾಂಶವನ್ನು ಬೆಳಕಿಗೆ ತಂದರು. ಎಬಲ್ಟನ್ ಲೈವ್, ಮಿಕ್ಸ್ಡ್ ಇನ್ ಕೀಗಳ ಕಳ್ಳಪ್ರತಿಯಲ್ಲಿ ಬಂದ ಅದು ಕಡತಗಳಿಗೆ ಬೀಗ ಹಾಕಿ 50 ಡಾಲರ್ ಕೇಳುತ್ತಿತ್ತು, ಜೊತೆಗೆ ಕೀಲಿಮಣೆಯಲ್ಲಿ ಒತ್ತಿದ್ದನ್ನೂ ಕಡತಗಳನ್ನೂ ಕದಿಯುತ್ತಿತ್ತು. ಎಲ್ಲರಿಗೂ ಕೊಟ್ಟದ್ದು ಒಂದೇ ಬಿಟ್‌ಕಾಯಿನ್ ವಿಳಾಸ, ಸಂಪರ್ಕಿಸುವ ದಾರಿಯೇ ಇರಲಿಲ್ಲ. ಹಾಗಾಗಿ ಹಣ ಕೊಟ್ಟರೂ ಯಾರು ಕೊಟ್ಟರೆಂದು ಅದನ್ನು ಹರಡಿದವರಿಗೆ ತಿಳಿಯುವಂತಿರಲಿಲ್ಲ. ಕ್ರ್ಯಾಕ್‌ನ ಸೂಚನಾ ಕಡತ ಬಹಳ ಸಲ ಆರಂಭದಲ್ಲೇ ಆಂಟಿವೈರಸ್ ನಿಲ್ಲಿಸಿ, ಅಡ್ಮಿನ್ ಅನುಮತಿ ಕೊಡಿ ಎಂದು ಕೇಳುತ್ತದೆ. ಆ ಎರಡು ಒಟ್ಟಿಗೆ ಸಿಕ್ಕ ಮೇಲೆ ಒಳಬಂದದ್ದು ಏನು ಮಾಡಿತೆಂದು ತಿಳಿಯುವ ಉಪಾಯ ಸಾಮಾನ್ಯ ಬಳಕೆದಾರರ ಬಳಿ ಇರುವುದಿಲ್ಲ.

ಕಾನೂನು ಸಂಕ್ಷೇಪವಾಗಿ ಇಷ್ಟು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ತಂತ್ರಾಂಶ ಸಾಹಿತ್ಯ ಕೃತಿಯ ವ್ಯಾಖ್ಯೆಯೊಳಗೇ ಬರುತ್ತದೆ. 63ಬಿ ಕಲಮಿನ ಪ್ರಕಾರ ಗೊತ್ತಿದ್ದೂ ಕಳ್ಳಪ್ರತಿ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಸೆರೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಿ ಅಥವಾ ವ್ಯಾಪಾರದಲ್ಲಿ ಬಳಸಿಲ್ಲವಾದರೆ ನ್ಯಾಯಾಲಯ ಸೆರೆಯನ್ನು ಬಿಟ್ಟು 50,000ದವರೆಗಿನ ದಂಡಕ್ಕೆ ನಿಲ್ಲಿಸಬಹುದು. 'ಬರೀ ಕಲಿಯುವುದಕ್ಕೆ' ಎಂಬ ಸಮಜಾಯಿಷಿಗೆ ಸಿಗುವುದು ಈ ರಿಯಾಯಿತಿ ಮಾತ್ರ, ಅದು ತಪ್ಪನ್ನು ಅಳಿಸುವುದಿಲ್ಲ.

ಆದರೆ ಮಾಡಿದವರ ಮಾತು ಎಂದಾಕ್ಷಣ ಕಂಪನಿಗಳು ಮಾಡಿದ್ದೆಲ್ಲ ಸರಿ ಎಂದಾಗುವುದಿಲ್ಲ. 2023ರ ಮಾರ್ಚ್ ಕೊನೆಯಲ್ಲಿ ಪ್ಲಗಿನ್ ಮಾರುವ ವೇವ್ಸ್ ಕಂಪನಿ ಶಾಶ್ವತ ಲೈಸೆನ್ಸ್ ಮಾರಾಟ ನಿಲ್ಲಿಸಿ ಚಂದಾ ಮಾತ್ರ ಎಂದಿತು. ಬಳಕೆದಾರರು ಸಿಟ್ಟಾದರು, ಕೆಲವೇ ದಿನಗಳಲ್ಲಿ ಕಂಪನಿ ಹಿಂದೆ ಸರಿಯಿತು. ಆ ದಿನಗಳಲ್ಲಿ ಕೊಳ್ಳುವವರು ತಮ್ಮ ಹಣವನ್ನು ಬೇರೆಡೆಗೆ ಒಯ್ಯುತ್ತೇವೆಂದು ಹೇಳಿದ್ದು ಕೆಲಸ ಮಾಡಿತು. ಕೊಳ್ಳದೆ ಕ್ರ್ಯಾಕ್ ಬಳಸುವವರ ಸಿಟ್ಟಿಗೆ ಆ ಬಲವಿಲ್ಲ. ಅದಕ್ಕಿಂತ ಕಷ್ಟದ ಪ್ರಶ್ನೆ, ಹಣ ಕೊಟ್ಟು ಕೊಂಡಿದ್ದರೂ ವಸ್ತು ಕೈಬಿಟ್ಟುಹೋಗುವುದು. ಸ್ಟೈನ್‌ಬರ್ಗ್‌ನ ತಂತ್ರಾಂಶಗಳು ಬಹುಕಾಲ ಇ-ಲೈಸೆನ್ಸರ್ ಎಂಬ ಯುಎಸ್‌ಬಿ ಡಾಂಗಲ್ (ಲೈಸೆನ್ಸ್ ಇರುವ, ಕಂಪ್ಯೂಟರಿಗೆ ಚುಚ್ಚುವ ಪುಟ್ಟ ಕೀಲಿ) ಬೇಡುತ್ತಿದ್ದವು. 2025ರ ಮೇ ತಿಂಗಳಲ್ಲಿ ಆ ಸೇವೆ ಮುಚ್ಚಿತು. ಆಮೇಲೆ ಹಳೆಯ ಡಾಂಗಲ್ ಮುರಿದರೆ ಹಳೆಯ ಕೃತಿ ತೆರೆಯುವ ದಾರಿ ಏನು? ಲೈಸೆನ್ಸ್ ಇದ್ದವರು ತಮ್ಮದೇ ವಸ್ತುವನ್ನು ತೆರೆಯಲು ಬೀಗ ಮುರಿಯುವುದನ್ನೂ, ಕೊಳ್ಳದವರು ಮುರಿಯುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ನಮ್ಮ ಕಾಯ್ದೆಯ 65ಎ ಕಲಮು ಕೂಡ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣೆ ಮುರಿಯುವುದನ್ನು ಅಪರಾಧ ಎನ್ನುತ್ತದೆ, ಮತ್ತು 52ನೇ ಕಲಮು ಅಧಿಕೃತ ಪ್ರತಿ ಇರುವವರಿಗೆ ಬ್ಯಾಕಪ್ ಇಟ್ಟುಕೊಳ್ಳುವ ಅವಕಾಶ ಕೊಡುತ್ತದೆ. ಕೊಳ್ಳುವ ಮೊದಲು ಆಫ್‌ಲೈನ್‌ನಲ್ಲಿ ನಡೆಯುತ್ತದೆಯೇ, ಎಷ್ಟು ಯಂತ್ರಕ್ಕೆ ಅನುಮತಿ, ಲೈಸೆನ್ಸ್ ಬೇರೆಯವರಿಗೆ ವರ್ಗಾಯಿಸಬಹುದೇ ಎಂದು ನೋಡುವುದು ಈ ಕಾರಣಕ್ಕೇ ಮುಖ್ಯ.

ಈಗಾಗಲೇ ಕ್ರ್ಯಾಕ್ ತುಂಬಿದ ಕಂಪ್ಯೂಟರಿನಿಂದ ಹೊರಬರಲು ಬಯಸುವವರು ಮೊದಲು ಪ್ಲಗಿನ್ ಅಳಿಸಬಾರದು. ಅಳಿಸಿದರೆ ಹಳೆಯ ಪ್ರಾಜೆಕ್ಟ್‌ಗಳು ತೆರೆದರೂ ಆ ಪ್ಲಗಿನ್‌ಗಳ ಸದ್ದು ಅವುಗಳಲ್ಲಿ ಇರುವುದಿಲ್ಲ. ಇಂಟರ್ನೆಟ್ ಕಡಿದು, ಒಂದೊಂದು ಪ್ರಾಜೆಕ್ಟನ್ನೂ ತೆರೆದು, ಪ್ರತಿ ಟ್ರ್ಯಾಕನ್ನು ಎರಡು ಸಲ ವೇವ್ ಕಡತವಾಗಿ ಹೊರತೆಗೆಯಿರಿ, ಒಮ್ಮೆ ಎಫೆಕ್ಟ್ ಸಹಿತ, ಒಮ್ಮೆ ಎಫೆಕ್ಟ್ ಇಲ್ಲದೆ. 24 ಬಿಟ್ ಇರಲಿ, ಸ್ಯಾಂಪಲ್ ರೇಟ್ ಪ್ರಾಜೆಕ್ಟಿನದ್ದೇ ಇರಲಿ. ಎಲ್ಲವೂ ಹಾಡಿನ ಮೊದಲ ಬಿಂದುವಿನಿಂದಲೇ ಶುರುವಾಗಬೇಕು, ಇಲ್ಲವಾದರೆ ಆಮೇಲೆ ಜೋಡಿಸುವಾಗ ತಾಳ ತಪ್ಪುತ್ತದೆ. ಮಿಡಿಯನ್ನು (ಯಾವ ಸ್ವರ ಯಾವಾಗ ನುಡಿಸಿದಿರಿ ಎಂಬ ದಾಖಲೆ) ಬೇರೆಯಾಗಿ ಉಳಿಸಿ, ಟೆಂಪೋ ಬರೆದಿಟ್ಟುಕೊಳ್ಳಿ. ಹಣ ತಂದ ಹಾಡುಗಳಲ್ಲಿ ಯಾವ ಪ್ಲಗಿನ್ ಪದೇ ಪದೇ ಬಂದಿದೆ ನೋಡಿ, ಮೊದಲ ಲೈಸೆನ್ಸ್ ಅದಕ್ಕೇ ಕೊಳ್ಳಿ. ಹೊರಗಿನ ಡಿಸ್ಕಿಗೆ ವೇವ್, ಮಿಡಿ, ಪ್ರಾಜೆಕ್ಟ್ ಕಡತ ಮಾತ್ರ ಹೋಗಲಿ. ಇನ್‌ಸ್ಟಾಲರ್ ಮತ್ತು ಪ್ಲಗಿನ್ ಕಡತ ಒಂದೂ ಬೇಡ. ಕ್ರ್ಯಾಕ್ ಅಡ್ಮಿನ್ ಅನುಮತಿಯಲ್ಲಿ ಓಡಿದೆ, ಆದ್ದರಿಂದ ಅನ್‌ಇನ್‌ಸ್ಟಾಲ್ ಸಾಲದು, ಆಪರೇಟಿಂಗ್ ಸಿಸ್ಟಮನ್ನೇ ಹೊಸದಾಗಿ ಹಾಕುವುದು ಸರಿಯಾದ ದಾರಿ. ಬ್ಯಾಂಕ್, ಇಮೇಲ್, ಯೂಟ್ಯೂಬ್ ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಿಸಿ.

ಹೊಸದಾಗಿ ಹಾಕದೆ ಹಳೆಯ ಸಿಸ್ಟಮಿನಲ್ಲೇ ಅಧಿಕೃತ ಪ್ರತಿ ಹಾಕಿದವರು ಎರಡು ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ಪ್ಲಗಿನ್ ಫೋಲ್ಡರಿನಲ್ಲಿ ಹಳೆಯ ಕ್ರ್ಯಾಕ್ ಕಡತ ಉಳಿದಿದ್ದರೆ ಹೋಸ್ಟ್ ಅದನ್ನೇ ಎತ್ತಿಕೊಳ್ಳಬಹುದು. ಅದನ್ನು ಅಳಿಸಿ, ಹೋಸ್ಟ್ ನೆನಪಿಟ್ಟುಕೊಂಡ ಹಳೆಯ ಪ್ಲಗಿನ್ ಪಟ್ಟಿಯನ್ನು (ಕ್ಯಾಶ್) ತೆರವು ಮಾಡಿ, ಮತ್ತೆ ಸ್ಕ್ಯಾನ್ ಮಾಡಿಸಬೇಕು. ಎರಡನೆಯದು ಕೊಂಡ ಸೀರಿಯಲ್ ಸರಿಯಿದ್ದರೂ ಸರ್ವರ್ ಸಿಗುತ್ತಿಲ್ಲ ಎಂಬ ಸಂದೇಶ. ಕ್ರ್ಯಾಕ್ ಹಾಕುವಾಗ ಸಿಸ್ಟಮಿನ ಹೋಸ್ಟ್ಸ್ ಫೈಲ್‌ನಲ್ಲಿ (ಇಂಟರ್ನೆಟ್ ವಿಳಾಸಗಳನ್ನು ಎಲ್ಲಿಗೆ ಕಳಿಸಬೇಕೆಂದು ಹೇಳುವ ಕಡತದಲ್ಲಿ) ಬಹಳ ಸಲ ಆ ಕಂಪನಿಯ ಸರ್ವರ್ ವಿಳಾಸವನ್ನು ತಡೆಯುವ ಸಾಲು ಸೇರಿರುತ್ತದೆ, ಅದು ಇನ್ನೂ ಅಲ್ಲೇ ಇರುತ್ತದೆ. ಅಡ್ಮಿನ್ ಆಗಿ ಆ ಫೈಲ್ ತೆರೆದು ಕಂಪನಿಯ ಹೆಸರಿರುವ ಸಾಲುಗಳನ್ನು ಅಳಿಸಿ, ಫೈರ್‌ವಾಲ್‌ನಲ್ಲಿ ಆ ತಂತ್ರಾಂಶಕ್ಕೆ ಹಾಕಿದ ತಡೆಯನ್ನೂ ವಿಂಡೋಸ್ ಡಿಫೆಂಡರ್‌ನಲ್ಲಿ ಕೊಟ್ಟ ವಿನಾಯಿತಿಯನ್ನೂ ತೆಗೆದು, ಕಂಪ್ಯೂಟರ್ ಮರುಪ್ರಾರಂಭಿಸಿದ ಮೇಲೆ ಸೀರಿಯಲ್ ಹಾಕಿದರೆ ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತದೆ.